ಒಬ್ಬರು ಇಳಿಯಬೇಕು

ಸುಟ್ಟ ಸೀಮೆಎಣ್ಣೆಯ ವಾಸನೆಯಲ್ಲಿ ಎರಡು ಬಗೆ. ಒಂದು ಸ್ಟೋವಿನದು. ಅದು ಬಂದರೆ ಚಹಾ ನೆನಪಾಗುತ್ತದೆ. ಇನ್ನೊಂದು ಹೆಲಿಕಾಪ್ಟರಿನದು. ಅದು ಮೂಗಿಗಿಂತ ಮೊದಲು ಗಂಟಲಿಗೆ ಹತ್ತುತ್ತದೆ. ಹೋದ ತಿಂಗಳು ಏನೋ ಕೆಲಸಕ್ಕೆಂದು ಬಾಗಲಕೋಟೆಗೆ ಹೋಗಿದ್ದೆ. ವಿದ್ಯಾಗಿರಿಯ ರಸ್ತೆಯಲ್ಲಿ ಪೊಲೀಸರು ಗಾಡಿಗಳನ್ನೆಲ್ಲ ತಡೆದು ನಿಲ್ಲಿಸಿದ್ದರು. ಯಾರೋ ದೊಡ್ಡವರು ಬರುವವರಿದ್ದರು. ಹೆಲಿಕಾಪ್ಟರು ಧೂಳೆಬ್ಬಿಸುತ್ತ ಮೈದಾನಕ್ಕೆ ಇಳಿಯಿತು, ಜನ ಟೊಪ್ಪಿಗೆ ಹಿಡಿದುಕೊಂಡು ನಕ್ಕರು. ನನಗೆ ಆ ವಾಸನೆ ಬಡಿದದ್ದೇ ತಡ, ಬಲಗೈ ತಾನಾಗಿ ಮುಂದೆ ಹೋಗಿ ಗಾಳಿಯಲ್ಲಿ ಏನನ್ನೋ ಹಿಡಿದುಕೊಂಡಿತು. ಪಕ್ಕದ ಬೈಕಿನವನು, "ಏನ್ ಕಾಕಾ, ಆರಾಮ ಅದೀರಿಲ್ಲೋ?" ಎಂದು ಕೇಳಿದ. ಆರಾಮ ಇದ್ದೇನೆ ಎಂದೆ. ಆ ಕೈ ಹಿಡಿದದ್ದು ನನ್ನ ಅಕ್ಕನ ರಟ್ಟೆಯನ್ನು. ಅದನ್ನು ಅವನಿಗೆ ಹೇಳಲು ಅಲ್ಲಿ ಹೊತ್ತಿರಲಿಲ್ಲ.

ಅದು ಎರಡು ಸಾವಿರದ ದಶಕ ಮುಗಿಯುತ್ತ ಬಂದ ಕಾಲ. ನಾನಾಗ ಇಳಕಲ್ಲಿನ ಒಂದು ನೂಲಿನ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅದಕ್ಕೂ ಮೊದಲು ಹದಿನೈದು ವರ್ಷ ನೌಕಾಪಡೆಯಲ್ಲಿ ದುಡಿದು ಬಂದವನು. ನಮ್ಮದು ಕಮತಗಿಯ ನೇಕಾರರ ಮನಿ. ಆ ಓಣಿಯಿಂದ ಸಮುದ್ರಕ್ಕೆ ಹೋದವನು ನಾನೊಬ್ಬನೇ. ರಜೆಗೆ ಬಂದಾಗೆಲ್ಲ ಮಂದಿ ಕೇಳುವುದು ಒಂದೇ ಮಾತು: "ಎಷ್ಟ ದೊಡ್ಡ ಹಡಗ ನಡಸ್ತೀಯಲೇ ಮಾಂತ್ಯಾ?" ಹಡಗು ನಡೆಸುವುದಿರಲಿ, ಹಡಗಿನಲ್ಲಿ ನಾನು ಮಲಗಿದ್ದೇ ಕಡಿಮೆ. ನನ್ನದು ನೌಕಾಪಡೆಯ ಸಾಗಾಟ ವಿಮಾನಗಳ ದಳ. ಯುದ್ಧದ ವಿಮಾನವಲ್ಲ, ಸಾಮಾನಿನ ವಿಮಾನ. ದೂರದ ದ್ವೀಪಕ್ಕೆ ಔಷಧ, ಯಾವುದೋ ಬಂದರಿನಲ್ಲಿ ಕೆಟ್ಟು ನಿಂತ ಹಡಗಿಗೆ ಒಂದು ಪಂಪು, ಟಪಾಲು, ರಕ್ತದ ಬಾಟಲಿ, ಕೆಲವೊಮ್ಮೆ ಬರೀ ಉಳ್ಳಾಗಡ್ಡಿ. ಅವನ್ನೆಲ್ಲ ತೂಗಿ, ಮುಂದೆಷ್ಟು ಹಿಂದೆಷ್ಟು ಎಂದು ಲೆಕ್ಕ ಹಾಕಿ, ಅಲುಗದಂತೆ ಬಿಗಿದು ಕಟ್ಟುವುದು ನನ್ನ ಕೆಲಸ. ಭಾರ ಹೆಚ್ಚಾದರೆ ವಿಮಾನ ಏಳುವುದಿಲ್ಲ. ಭಾರ ಸರಿಯಿದ್ದು ಇಟ್ಟ ಜಾಗ ತಪ್ಪಿದರೆ ಎದ್ದ ಮೇಲೆ ಬೀಳುತ್ತದೆ. ಸಾಮಾನು ಹತ್ತಿಸುವುದಕ್ಕಿಂತ ಬೇಡವೆಂದು ಇಳಿಸುವುದೇ ಕಠಿಣ ಎಂದು ಮೊದಲ ವಾರದಲ್ಲೇ ಕಲಿಸಿದ್ದರು. ಬಿಟ್ಟು ಬರುವಾಗ ಮೀಸಲು ಪಟ್ಟಿಯಲ್ಲಿ ಹೆಸರು ಬರೆದುಕೊಂಡು, ಬೇಕಾದರೆ ಕರೆಯುತ್ತೇವೆ ಎಂದರು. ಪಟ್ಟಿಯಲ್ಲಿದ್ದಷ್ಟು ದಿನ ಯಾರೂ ಕರೆಯಲಿಲ್ಲ. ಪಟ್ಟಿಯ ಅವಧಿ ಮುಗಿದ ಮೇಲೆ ನಾನಾಗಿಯೇ ಹೋಗಬೇಕಾಯಿತು.

ಆ ವರ್ಷ ಮುಂಗಾರು ನಮಗೆ ಮುಖವನ್ನೇ ತೋರಿಸಿರಲಿಲ್ಲ. ಹಿಂಗಾರು ಬಂದದ್ದು ಮಾತ್ರ ಹೆದರಿಕೆ ಹುಟ್ಟಿಸುವಂತೆ. ಮೂರು ದಿನ ಹಗಲು ರಾತ್ರಿ ಎನ್ನದೆ ಸುರಿಯಿತು. ನಮ್ಮ ಕಡೆ ಮೇಲ್ಮುದ್ದೆಯ, ಅಂದರೆ ಮಣ್ಣಿನ ಚಪ್ಪಟೆ ಮಾಡಿನ ಮನಿಗಳು. ಎರಡನೆಯ ದಿನಕ್ಕೇ ಓಣಿಗೊಂದರಂತೆ ಗೋಡೆ ಕುಸಿಯುವ ಸದ್ದು ಕೇಳುತ್ತಿತ್ತು. ಮಗ್ಗದ ಕುಣಿಯಲ್ಲಿ ನೀರು ಜಿನುಗಿ ನೇಕಾರರೆಲ್ಲ ಹಾಸಿನ ನೂಲನ್ನು ಬಿಚ್ಚಿ ಎತ್ತರಕ್ಕೆ ಕಟ್ಟಿದರು. ಮಲಪ್ರಭೆ ಉಕ್ಕಿ ಬಾದಾಮಿ ಕಡೆಯಿಂದ ಹುನಗುಂದದವರೆಗೆ ಹೊಳೆದಂಡೆಯ ಊರುಗಳೊಳಗೆ ನುಗ್ಗಿತು.

ನನ್ನ ಅಕ್ಕ ಶಾಂತವ್ವ ಇದ್ದದ್ದು ಅಂಥದೇ ಒಂದು ಊರಲ್ಲಿ, ತಳಗೇರಿ. ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವ ಬೇಗ ತೀರಿದ್ದರಿಂದ ನನ್ನನ್ನು ಎತ್ತಿ ಆಡಿಸಿದವಳು ಅವಳೇ. ಅವಳ ಗಂಡ, ನಮ್ಮ ಮಾವ, ಸತ್ತ ಮೇಲೆ ಅವರ ಹಿಟ್ಟಿನ ಗಿರಣಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಬೆಲ್ಟು ಹಾಕುವುದು, ಕಲ್ಲು ಕಟೆಯಿಸುವುದು, ತಕ್ಕಡಿ ಹಿಡಿಯುವುದು ಎಲ್ಲ ಅವಳೇ. ವರ್ಷಾನುಗಟ್ಟಲೆ ಹಿಟ್ಟಿನ ಧೂಳು ಕುಡಿದು ದಮ್ಮು ಹತ್ತಿಕೊಂಡಿತ್ತು. ಮಳೆಗಾಲದಲ್ಲಿ ಅವಳ ಎದೆಯ ಸುಯ್‌ ಎನ್ನುವ ಸದ್ದು ಬಾಗಿಲಾಚೆಗೂ ಕೇಳುತ್ತಿತ್ತು.

ಮೂರನೆಯ ದಿನ ಮುಂಜಾನೆ ಅವಳ ಫೋನು ಬಂತು.

"ಮಾಂತೂ, ಗಿರಣಿ ಒಳಗ ನೀರ ಬಂತಪ. ಮಂದಿ ಎಲ್ಲಾ ಸಾಲಿ ಮಡ್ಡಿ ಹತ್ತೇವಿ. ನೀ ಗಾಬರಿ ಆಗಬ್ಯಾಡ."

"ದಮ್ಮಿನ ಪಂಪ್ ಐತೇನಬೇ ನಿನ್ನ ಕಡೆ?"

"ಐತಿ. ಇನ್ನ ನಾಕ್ ಸಲ ಬರಬಹುದು. ಫೋನಿನ್ಯಾಗೂ ಅಷ್ಟ ಐತಿ, ಇಡ್ತೇನಿ."

ಅಷ್ಟೇ. ಮತ್ತೆ ಹಚ್ಚಿದರೆ ಹತ್ತಲಿಲ್ಲ. ಸಾಲಿ ಮಡ್ಡಿಯೆಂದರೆ ಊರ ಶಾಲೆ ನಿಂತ ದಿಬ್ಬ.

ಹುನಗುಂದದ ಹೊರಗೆ ಒಂದು ಸಾಲಿಯ ಮೈದಾನದಲ್ಲಿ ಹೆಲಿಕಾಪ್ಟರು ಇಳಿಯುತ್ತದಂತೆ ಎಂದು ಸುದ್ದಿ ಬಂದದ್ದು ಅವತ್ತೇ. ಸಿಕ್ಕ ಟ್ರ್ಯಾಕ್ಟರು ಹತ್ತಿ ಹೋದೆ. ಗೋವೆಯ ಕಡೆಯಿಂದ ಬಂದ ನೌಕಾಪಡೆಯ ಸಣ್ಣ ಹೆಲಿಕಾಪ್ಟರು ಅದು. ಬೂದು ಬಣ್ಣ ನೋಡಿದ ಕೂಡಲೇ ನನಗೆ ಎದೆ ತುಂಬಿ ಬಂತು. ಆದರೆ ಹೇರುತ್ತಿದ್ದ ರೀತಿ ಸರಿಯಿರಲಿಲ್ಲ. ಜನ ಪ್ರೀತಿಯಿಂದಲೇ ತಂದಿದ್ದರು, ಕೈಗೆ ಸಿಕ್ಕದ್ದನ್ನೆಲ್ಲ ತುರುಕುತ್ತಿದ್ದರು. ಅಕ್ಕಿ ಚೀಲ, ನೀರಿನ ಪಾಕೀಟು, ಬಿಸ್ಕೀಟಿನ ಡಬ್ಬಿ, ಹಳೆ ಬಟ್ಟೆ. ಮೊದಲ ಸರತಿ ಹೋಗಿ ಬಂದ ಮೇಲೆ ಹೆಲಿಕಾಪ್ಟರಿನ ಹಿಂಬದಿಯಲ್ಲಿ ನಿಲ್ಲುವ ಸಿಬ್ಬಂದಿ ಕೆಳಗಿಳಿದು ತಲೆಗೆ ಕೈಯಿಟ್ಟುಕೊಂಡ. ಇಳಿಯಲು ಜಾಗ ಗೊತ್ತಾಗದೆ ಮೇಲಿಂದ ಚೀಲ ನೂಕಿದ್ದರು. ನೀರಿನ ಪಾಕೀಟು ಒಂದೂ ಉಳಿಯಲಿಲ್ಲ, ಅಕ್ಕಿ ಚೀಲ ಒಡೆದು ಕೆಸರಿನಲ್ಲಿ ಚೆಲ್ಲಿತು. ಜನ ಕೆಸರಿನಿಂದ ಕಾಳು ಆರಿಸುತ್ತಿದ್ದುದು ಮೇಲಿಂದ ಕಾಣುತ್ತಿತ್ತು ಎಂದು ಹಿಂದಿಯಲ್ಲಿ ಹೇಳಿದ.

ನಾನು ಹತ್ತಿರ ಹೋಗಿ ನನ್ನ ಹಳೆಯ ದಳದ ಹೆಸರು ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ರಿಸರ್ವ್?" ಎಂದ. ಅವಧಿ ಮುಗಿದಿದೆ ಎಂದು ಹೇಳಲು ಹೋಗಲಿಲ್ಲ. "ಹೌದು" ಎಂದೆ. ಅವನು ಹೇರುವ ಜಾಗವನ್ನು ನನಗೆ ಬಿಟ್ಟುಕೊಟ್ಟ.

ಅಲ್ಲಿ ಉಸ್ತುವಾರಿಗಿದ್ದ ಕಂದಾಯ ಇಲಾಖೆಯ ಸಾಹೇಬರು ಮೂರು ದಿನ ನಿದ್ದೆಗೆಟ್ಟವರು. ಅವರಿಗೆ ಹೇಳಿದೆ, "ಸಾಹೇಬ್ರ, ಅಕ್ಕಿ ಬ್ಯಾಡ್ರಿ. ಅಲ್ಲಿ ಒಣ ಕಟಗಿ ಇಲ್ಲ, ಒಲಿ ಇಲ್ಲ. ಖಡಕ್ ರೊಟ್ಟಿ ಕಳಸೂಣು."

"ಅಷ್ಟ ರೊಟ್ಟಿ ಎಲ್ಲಿಂದ ತರೂದ್ರಿ?"

"ಇಳಕಲ್ಲದಾಗ ಹೇಳಿ ಕಳಸ್ತೇನಿ. ಮಧ್ಯಾಹ್ನ ಅನ್ನೂದ್ರಾಗ ಬರ್ತಾವ."

ಬಂದವು. ನಮ್ಮ ಕಡೆ ಯಾವ ಮನಿಯಲ್ಲಿ ಒಂದು ಗೂಡೆ ಖಡಕ್ ರೊಟ್ಟಿ ಇಲ್ಲ? ನನ್ನ ಹೆಂಡತಿ ಕಸ್ತೂರಿ ನೇಕಾರ ಓಣಿ ಪೂರಾ ತಿರುಗಿದಳಂತೆ. ಅಲ್ಲಿಂದ ಮೌಲಾಸಾಬ ಚಾಚಾನ ಓಣಿಗೂ ಹೋದಳಂತೆ. ಹಳೆ ಗೋಣಿಚೀಲದ ವ್ಯಾಪಾರಿ ಈ ಚಾಚಾ. ಅವರು ರೊಟ್ಟಿಯ ಜೊತೆಗೆ ತಮ್ಮ ಟೆಂಪೋದಲ್ಲಿ ಚೀಲಗಳ ರಾಶಿಯನ್ನೇ ಹೇರಿಕೊಂಡು ಬಂದರು. ಮೇಲಿಂದ ಒಗೆಯುವ ಸಾಮಾನಿಗೆ ಎರಡು ಚೀಲ ಬೇಕು. ಒಳಗಿನದರಲ್ಲಿ ಸಾಮಾನು ತುಂಬಿ ಹೊಲಿಯಬೇಕು. ಹೊರಗಿನದು ದೊಡ್ಡದಿರಬೇಕು, ಸಡಿಲಿರಬೇಕು. ನೆಲಕ್ಕೆ ಬಿದ್ದಾಗ ಒಳಚೀಲ ಒಡೆದರೂ ಹೊರಚೀಲ ಹಿಡಿದುಕೊಳ್ಳುತ್ತದೆ. ಚಾಚಾ ಒಂದೇ ಸಲಕ್ಕೆ ಕಲಿತರು. ಮಳೆಯಲ್ಲಿ ಕೂತು ದಬ್ಬಣ ಆಡಿಸುತ್ತ, "ಇಷ್ಟ ದಿನಾ ಮಂದಿ ನನ್ನ ಚೀಲ ಹರದೈತಿ ಅಂತ ಬೈತಿದ್ರು. ಇವತ್ತ ಹರದ್ರೂ ನಡೀತೈತಿ ಅನ್ನಾವ ನೀ ಒಬ್ಬ ಸಿಕ್ಕಿ," ಎಂದರು. ಅವತ್ತು ನಾನು ನಕ್ಕದ್ದು ಅಷ್ಟೇ. ರೊಟ್ಟಿಯ ನಡುವೆ ಕಸ್ತೂರಿ ಹಳೆ ಸೀರೆ ಮಡಚಿ ಇಟ್ಟಿದ್ದಳು. ಶೇಂಗಾ ಚಟ್ನಿ ಬೇರೆ ಗಂಟು. ಸಾಲಿಯವರ ತಕ್ಕಡಿ ತಂದು ಪ್ರತಿ ಚೀಲ ತೂಗಿ, ಸುಣ್ಣದಿಂದ ಕಿಲೋ ಬರೆದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಎರಡು ಸರತಿ ಸರಿಯಾಗಿ ಹೋದವು. ಮೂರನೆಯದಕ್ಕೆ ಹೇರುವಾಗ ಒಬ್ಬ ಮುಖಂಡರ ಕಡೆಯ ಇಬ್ಬರು ಬಂದರು. ಒಬ್ಬನ ಕೊರಳಲ್ಲಿ ಕ್ಯಾಮೆರಾ. ತಾವೂ ಹೋಗಬೇಕು, ಪರಿಹಾರ ಹಂಚುವ ಫೋಟೋ ತೆಗೆಯಬೇಕು ಎಂದರು.

"ಆಗೂದಿಲ್ರಿ," ಎಂದೆ.

"ನೀ ಯಾರಪಾ ಆಗೂದಿಲ್ಲ ಅನ್ನಾಂವ?"

"ನಾ ತೂಕಾ ಮಾಡಾಂವ್ರಿ. ಒಬ್ಬ ಮನಶ್ಯಾ ಅಂದ್ರ ಎಪ್ಪತ್ತ ಕಿಲೋ. ಎಪ್ಪತ್ತ ಕಿಲೋ ಅಂದ್ರ ಸಾವಿರದ ಮ್ಯಾಲ ರೊಟ್ಟಿ. ನಿಮ್ಮನ್ನ ಕಳಸಲೋ, ರೊಟ್ಟಿ ಕಳಸಲೋ?"

ಸುತ್ತ ನಿಂತವರು ನಕ್ಕರು. ಅವರಿಬ್ಬರು ಮುಖ ಕೆಂಪು ಮಾಡಿಕೊಂಡು ಹೊರಟುಹೋದರು. ನನ್ನ ಬಗ್ಗೆ ನನಗೇ ಹೆಮ್ಮೆಯೆನಿಸಿತು. ಮನುಷ್ಯನನ್ನು ಕಿಲೋದಲ್ಲಿ ಹೇಳುವುದು ನನಗೆ ಆಗ ಅಷ್ಟು ಸಲೀಸಾಗಿತ್ತು.

ಅಷ್ಟರಲ್ಲಿ ಪೊಲೀಸರ ವೈರ್‌ಲೆಸ್ಸಿನಲ್ಲಿ ಸುದ್ದಿ ಬಂತು. ತಳಗೇರಿಯ ಮಡ್ಡಿಯ ಸುತ್ತ ನೀರು ಇನ್ನೂ ಏರುತ್ತಿದೆ. ಅಲ್ಲಿ ಒಬ್ಬ ಗರ್ಭಿಣಿಗೆ ರಕ್ತ ಹೋಗುತ್ತಿದೆ, ಒಬ್ಬನ ಮೇಲೆ ಗೋಡೆ ಬಿದ್ದು ಕಾಲು ಜಜ್ಜಿದೆ, ವಾಂತಿಭೇದಿಯಿಂದ ಒಬ್ಬ ಮುದುಕಿಗೆ ಎಚ್ಚರ ತಪ್ಪಿದೆ. ಪೈಲಟ್ ನಮ್ಮ ಕಡೆ ಬಂದ. ಇನ್ನೂ ಮೂವತ್ತು ದಾಟದ ಹುಡುಗ, ಕಣ್ಣು ಕೆಂಪಾಗಿದ್ದವು. ಆ ಊರಲ್ಲಿ ಇಳಿಯಲು ಜಾಗ ಇದೆಯೇ, ಗೊತ್ತಿದ್ದವರು ಯಾರಿದ್ದಾರೆ ಎಂದು ಕೇಳಿದ.

"ಸಾಲಿ ಹಿಂದ ಕಣ ಐತಿ," ಎಂದೆ. "ಗಿರಣಿಗೆ ಹೋಗೂ ಕರೆಂಟಿನ ತಂತಿ ಅದರ ಬಗಲಾಗ ಹೋಗೈತಿ. ಗೊತ್ತಿಲ್ಲದಾಂವ ಇಳದ್ರ ತಂತಿಗೇ ಸಿಗತಾನ. ನಾ ತೋರಸ್ತೇನಿ."

ಅಕ್ಕ ಅಲ್ಲಿದ್ದಾಳೆ ಎನ್ನುವುದನ್ನು ಹೇಳಲಿಲ್ಲ. ಹೇಳಿದ್ದರೆ ಕರೆದೊಯ್ಯುತ್ತಿರಲಿಲ್ಲವೋ ಏನೋ. ಔಷಧದ ಪೆಟ್ಟಿಗೆ, ಎರಡು ನೀರಿನ ಕ್ಯಾನು, ರೊಟ್ಟಿಯ ನಾಲ್ಕು ಚೀಲ, ನಾನು. ಇಷ್ಟೇ ಭಾರ. ಬರುವಾಗ ಜಾಗ ಉಳಿಯಲೆಂದು ಸಿಬ್ಬಂದಿ ಮೈದಾನದಲ್ಲೇ ಉಳಿದ.

ಮೇಲಿಂದ ನೋಡಿದಾಗ ಊರೇ ಇರಲಿಲ್ಲ. ಕಂದು ನೀರು, ಅದರಲ್ಲಿ ಬೇವಿನ ಮರದ ತುದಿಗಳು, ಒಂದು ಗುಡಿಯ ಶಿಖರ, ತೇಲುವ ಮೇವಿನ ಬಣವಿ. ಮಡ್ಡಿ ಮಾತ್ರ ಬೆನ್ನು ತೋರಿಸಿಕೊಂಡು ಮಲಗಿದ ಎಮ್ಮೆಯ ಹಾಗೆ ಕಾಣುತ್ತಿತ್ತು. ಮೇಲೆ ಮುನ್ನೂರು ಜನರಿರಬೇಕು. ತಂತಿಯ ಕಂಬ ಬೆರಳು ಮಾಡಿ ತೋರಿಸಿದೆ. ಪೈಲಟ್ ಅದನ್ನು ಸುತ್ತುಹಾಕಿ ಕಣದ ಮೇಲೆ ಇಳಿಸಿದ. ಮಣ್ಣು ಮೆತ್ತಗಿದ್ದದ್ದರಿಂದ ಎಂಜಿನ್ ನಿಲ್ಲಿಸಲಿಲ್ಲ. ಬೇಗ ಬೇಗ ಎಂದು ಕೈಸನ್ನೆ ಮಾಡಿದ. ಪಡುವಣದಲ್ಲಿ ಮೋಡ ಗೋಡೆಯ ಹಾಗೆ ಎದ್ದು ಬರುತ್ತಿತ್ತು.

ಚೀಲ ಇಳಿಸಿ, ಜನರನ್ನು ಹತ್ತಿಸಿದೆ. ಮೊದಲು ಗರ್ಭಿಣಿ ರೇಣುಕಾ, ಸೀರೆಯೆಲ್ಲ ಒದ್ದೆ, ತುಟಿ ಬಿಳಿಚಿ ಹೋಗಿತ್ತು. ಆಮೇಲೆ ಕಾಲು ಜಜ್ಜಿದ ಹನಮಪ್ಪ. ಎಚ್ಚರ ತಪ್ಪಿದ ಮುದುಕಿ ಫಾತಿಮಾಬಿಯನ್ನು ಇಬ್ಬರು ಎತ್ತಿ ಕೊಟ್ಟರು. ಅಷ್ಟರಲ್ಲಿ ಊರಿನ ಹೆಂಗಸರು ನಮ್ಮಕ್ಕನನ್ನು ಹಿಡಿದುಕೊಂಡು ಬಂದರು. ಅವಳ ಪಂಪು ಆಗಲೇ ಮುಗಿದಿತ್ತು. ಬಾಯಿ ತೆರೆದು, ಭುಜ ಮೇಲೆತ್ತಿ ಎತ್ತಿ ಉಸಿರು ಎಳೆಯುತ್ತಿದ್ದಳು. ನನ್ನನ್ನು ನೋಡಿ ಮಾತಾಡಲಾಗದೆ ಗಲ್ಲ ಮುಟ್ಟಿದಳು. ಅವಳನ್ನೂ ಹತ್ತಿಸಿದೆ. ನಾಲ್ವರಾದರು. ನಾನು ಹತ್ತಿದರೆ ಐದು. ನಾನು ಹತ್ತಲಿಲ್ಲ. ಅದು ಲೆಕ್ಕ, ಅದರಲ್ಲಿ ಯೋಚನೆ ಮಾಡುವಂಥದ್ದೇನೂ ಇರಲಿಲ್ಲ. ಬಾಗಿಲು ಹಾಕಿ ದೂರ ಸರಿದು ಹೆಬ್ಬೆರಳು ಎತ್ತಿದೆ.

ಹೆಲಿಕಾಪ್ಟರು ನೆಲ ಬಿಟ್ಟಿತು. ಆಳೆತ್ತರ ಏರಿತು. ಅಲ್ಲಿಗೆ ನಿಂತು ತೂಗಾಡಿತು. ಗಾಳಿ ಆಗ ದಿಕ್ಕು ಬದಲಿಸಿತ್ತು. ತಂತಿಯ ಕಡೆ ಹೋಗುವ ಹಾಗಿಲ್ಲ, ಇನ್ನೊಂದು ಕಡೆ ಸಾಲಿಯ ಮಾಡು ಮತ್ತು ಹುಣಸೆ ಮರ. ನೇರ ಮೇಲೆಯೇ ಏರಬೇಕು. ಏರಲು ಬಲ ಸಾಲದು. ಎಂಜಿನ್ನಿನ ಸದ್ದು ದಪ್ಪಗಾದದ್ದು ಕೇಳಿಯೇ ನನಗೆ ತಿಳಿಯಿತು. ಮೆಲ್ಲಗೆ ಮತ್ತೆ ಕೆಳಗಿಳಿಯಿತು. ಪೈಲಟ್ ಗಾಜಿನ ಹಿಂದಿನಿಂದ ನನ್ನ ಕಡೆ ನೋಡಿ ಒಂದು ಬೆರಳೆತ್ತಿದ. ಆ ಬೆರಳನ್ನು ಕೆಳಗೆ ಮಾಡಿದ.

ಒಬ್ಬರು ಇಳಿಯಬೇಕು.

ಬಾಗಿಲು ತೆಗೆದೆ. ನಾಲ್ಕು ಮುಖಗಳು. ರೇಣುಕಾಳ ಕಣ್ಣು ಅರ್ಧ ಮುಚ್ಚಿದ್ದವು. ಹನಮಪ್ಪ ನನ್ನ ಕಣ್ಣು ತಪ್ಪಿಸಿದ. ಮುದುಕಿಗೆ ಎಚ್ಚರವೇ ಇಲ್ಲ. ಬಾಗಿಲ ಬಳಿ ಅಕ್ಕ. ನಾನು ಏನೂ ಮಾತಾಡಲಿಲ್ಲ. ಆ ಸದ್ದಿನಲ್ಲಿ ಮಾತಾಡಿದ್ದರೂ ಕೇಳುತ್ತಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಲಗೈ ಚಾಚಿ ಅವಳ ರಟ್ಟೆ ಹಿಡಿದು ಎಳೆದೆ. ಅವಳು ನನ್ನ ಮೇಲೆಯೇ ಬಿದ್ದಳು. ಬಾಗಿಲು ಹಾಕಿದೆ. ಹೆಲಿಕಾಪ್ಟರು ಎದ್ದಿತು, ಹುಣಸೆ ಮರದ ಮೇಲಿಂದ ಸವರಿಕೊಂಡು ಹೋಗಿ ಮಳೆಯಲ್ಲಿ ಕರಗಿತು.

ಉಳಿದ ಮೂವರೂ ಕೂರಲಾಗದವರು, ಅವಳು ಕೂರಬಲ್ಲವಳು. ಅದು ಖರೆ. ಅಷ್ಟೇ ಖರೆ ಇನ್ನೊಂದಿದೆ. ಅವಳು ನನ್ನವಳು. ಬೇರೆ ಯಾರನ್ನು ಇಳಿಸಿದ್ದರೂ, ತನ್ನ ಅಕ್ಕನನ್ನು ಉಳಿಸಿಕೊಂಡ ಎಂದು ಆ ಮುನ್ನೂರು ಜನರ ಮುಖದಲ್ಲಿ ನಾನು ಓದಬೇಕಾಗುತ್ತಿತ್ತು. ಅವಳನ್ನು ಎಳೆದ ಕೈಯಲ್ಲಿ ಎರಡೂ ಕಾರಣಗಳಿದ್ದವು. ಯಾವುದರ ತೂಕ ಎಷ್ಟು ಎಂದು ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

ಇನ್ನೊಂದು ಸರತಿ ಬರುತ್ತದೆಂದು ಕಾದೆವು. ಬರಲಿಲ್ಲ. ಮೋಡ ಬಂದು ಮಡ್ಡಿಯ ಮೇಲೆಯೇ ಕುಳಿತಿತು. ಸಾಲಿಯ ಎರಡು ಕೋಣೆಯಲ್ಲಿ ಹೆಂಗಸರು, ಮಕ್ಕಳು. ಗಂಡಸರೆಲ್ಲ ಪಡಸಾಲೆಯಲ್ಲಿ ನಿಂತೇ ಇದ್ದೆವು. ಔಷಧದ ಪೆಟ್ಟಿಗೆಯಲ್ಲಿ ದಮ್ಮಿನ ಗುಳಿಗೆ ಸಿಕ್ಕವು. ಪಂಪು ಇರಲಿಲ್ಲ. ಗುಳಿಗೆ ಕೊಟ್ಟು ಅಕ್ಕನನ್ನು ಗೋಡೆಗೆ ಭುಜ ಆನಿಸಿ ಕೂರಿಸಿದೆವು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಅವಳ ಬೆನ್ನು ತಿಕ್ಕುತ್ತ ಕೂತೆ. ಎಳೆದಾಗ ಸುಯ್, ಬಿಟ್ಟಾಗ ಸುಯ್. ಕೆಲವು ಸಲ ಎಳೆದದ್ದು ಬಿಡಲು ಬಹಳ ಹೊತ್ತಾಗುತ್ತಿತ್ತು. ಆಗ ತಿಕ್ಕುವುದನ್ನು ನಿಲ್ಲಿಸಿ ಕಾಯುತ್ತಿದ್ದೆ. ಹೊರಗೆ ಯಾರೋ ಮೆಟ್ಟಿಲು ಎಣಿಸಿ ಕೂಗಿ ಹೇಳುತ್ತಿದ್ದರು: ನೀರು ಕಣದ ಕೆಳಗಿನ ಐದನೆಯ ಕಲ್ಲಿಗೆ ಬಂತು, ನಾಲ್ಕನೆಯದಕ್ಕೆ ಬಂತು. ಮೂರನೆಯ ಕಲ್ಲಿಗೆ ಬಂದು ನಿಂತಿತು. ಆ ಇಡೀ ಹೊತ್ತು ಅಕ್ಕ ನನ್ನ ಕಡೆ ನೋಡಲಿಲ್ಲ. ನೀರು ಕೊಟ್ಟರೆ ಕುಡಿದಳು. ರೊಟ್ಟಿ ನೆನೆಸಿ ಕೊಟ್ಟರೆ ತಿಂದಳು. ಮುಖ ಮಾತ್ರ ಗೋಡೆಯ ಕಡೆ.

ಬೆಳಕು ಹರಿದಾಗ ಮಳೆ ಸಣ್ಣಗಾಗಿತ್ತು, ಮೋಡ ಹಾಗೇ ಇತ್ತು. ಮೂರನೆಯ ಕಲ್ಲು ಒದ್ದೆಯಾಗಿ ಹೊಳೆಯುತ್ತಿತ್ತು, ನೀರು ಅದರ ಕೆಳಗೆ ಇಳಿದಿತ್ತು. ಗುಳಿಗೆ ಸ್ವಲ್ಪ ಹಿಡಿದು ಅಕ್ಕ ನಾಲ್ಕು ಮಾತು ಜೋಡಿಸಿ ಆಡುವಷ್ಟಾದಳು. ನಾನು ಕೇಳಿದೆ:

"ಅಕ್ಕಾ, ನನ್ನ ಮ್ಯಾಲ ಸಿಟ್ಟ ಐತೇನು?"

"ಐತಿ."

"ಅವ್ರು ಮೂರೂ ಮಂದಿ ಕುಂಡ್ರಾಕ ಬರೂ ಹಂಗ ಇರ್ಲಿಲ್ಲಬೇ. ರೇಣುಕಾನ್ನ ಇಳಸಾಕ ಆಗ್ತಿತ್ತೇನು?"

"ನನ್ನ ಇಳಿಸಿದಿ ಅಂತಲ್ಲೋ." ಅವಳು ನಿಂತು ಉಸಿರು ತೆಗೆದುಕೊಂಡಳು. "ಕೇಳಲಾರದ ಇಳಿಸಿದಿ, ಅದಕ್ಕ."

ಅವಳೇ ಮುಂದುವರಿಸಿದಳು.

"ನನಗ ಕಣ್ಣ ಇದ್ದಿಲ್ಲೇನು? ಆ ಹುಡುಗಿ ರಕ್ತ ನನಗೂ ಕಂಡಿತ್ತು. ತಕ್ಕಡಿ ಹಿಡದ ಬಾಳೇವು ಮಾಡಿದಾಕಿ ನಾ. ಒಂದ ಸಲ ಕೈ ಮಾಡಿ, ಅಕ್ಕಾ ಇಳೀತೀಯೇನು ಅಂದಿದ್ರ, ನಾನ ಇಳೀತಿದ್ನಿ." ಮತ್ತೆ ಉಸಿರು. "ಎಲ್ಲಾ ಮಂದಿ ಮುಂದ ಜ್ವಾಳದ ಚೀಲಾ ಎಳದಂಗ ಎಳದಿ."

ಕಾಲು ಮುಟ್ಟಲು ಹೋದರೆ ಕಾಲು ಹಿಂದೆಳೆದುಕೊಂಡಳು. ಎದ್ದು ಹೊರಗೆ ಬಂದು ಕಣದಲ್ಲಿ ನಿಂತೆ. ಹದಿನೈದು ವರ್ಷ ನಾನು ಇಳಿಸಿದ ಸಾಮಾನಿನಲ್ಲಿ ಒಂದಕ್ಕೂ ಬಾಯಿರಲಿಲ್ಲ. ಮುಂಚಿನ ದಿನ ಎಪ್ಪತ್ತು ಕಿಲೋ ಎಂದು ಹೇಳಿ ಜನರನ್ನು ನಗಿಸಿದ್ದೆನಲ್ಲ, ಆ ನಗು ನೆನಪಾಯಿತು. ಕಣದಲ್ಲಿ ಹೆಲಿಕಾಪ್ಟರಿನ ಕಾಲು ಊರಿದ್ದ ಎರಡು ಉದ್ದನೆಯ ತಗ್ಗುಗಳಲ್ಲಿ ನೀರು ನಿಂತಿತ್ತು. ಸುಮ್ಮನಿರಲಾರದೆ ನಾಲ್ಕು ಮಂದಿಯನ್ನು ಕರೆದು ಆ ತಗ್ಗಿಗೆ ಸಾಲಿಯ ಬಿದ್ದ ಗೋಡೆಯ ಕಲ್ಲು ತುಂಬಿಸಿದೆ, ಇಳಿಯುವ ಜಾಗ ಗಟ್ಟಿಯಾಗಲೆಂದು. ಹುಣಸೆಯ ಅಡ್ಡಕೊಂಬೆಗಳನ್ನು ಕಡಿಸಿದೆ. ಆ ದಾರಿ ತೆರೆದರೆ ನೇರ ಏರುವ ಕಷ್ಟ ತಪ್ಪುತ್ತದೆ, ಇನ್ನೊಬ್ಬರು ಹೆಚ್ಚು ಹೋಗಬಹುದು. ಹಿಂದಿನ ದಿನವೇ ಇದನ್ನು ಮಾಡಿಸಬಹುದಿತ್ತೇ? ಹೊತ್ತಿರಲಿಲ್ಲ. ಆದರೂ ಕೊಡಲಿಯ ಪ್ರತಿ ಏಟಿಗೂ ಆ ಪ್ರಶ್ನೆ ಬರುತ್ತಿತ್ತು.

ಹೊತ್ತು ನೆತ್ತಿ ದಾಟಿದ ಮೇಲೆ ಮೋಡ ಹರಿದು ಬಿಸಿಲು ಬಿತ್ತು. ಅದರ ಹಿಂದೆಯೇ ಸದ್ದು ಬಂತು. ಅದೇ ಪೈಲಟ್, ಅದೇ ಸಿಬ್ಬಂದಿ. ಕಲ್ಲು ತುಂಬಿದ ಜಾಗಕ್ಕೆ ಸರಿಯಾಗಿ ಇಳಿದರು. ಸಿಬ್ಬಂದಿ ಜಿಗಿದು ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದ: ಕಾಲಿನವನು ಬದುಕಿದ್ದಾನೆ, ಮುದುಕಿಗೆ ಎಚ್ಚರ ಬಂದಿದೆ, ಆ ಹುಡುಗಿಯೂ ಉಳಿದಳು. ಕೂಸು ಉಳಿಯಲಿಲ್ಲ. ಆಮೇಲೆ ನಾಲ್ಕು ಬೆರಳೆತ್ತಿ ತೋರಿಸಿದ. ನಾಲ್ವರನ್ನು ಒಯ್ಯಬಹುದು. ಬಿಸಿಲಿರುವ ತನಕ ಸರತಿಗಳು ನಡೆಯುತ್ತವೆ, ಮತ್ತೆ ಮೋಡ ಮುಚ್ಚಿದರೆ ಇಲ್ಲ.

ಸಾಲಿಯ ಪಡಸಾಲೆಯಲ್ಲಿ ಕಾಯಿಲೆಯವರು, ಎಳೆಕೂಸಿನ ತಾಯಂದಿರು, ಮುದುಕರು ಸಾಲಾಗಿ ಕೂತಿದ್ದರು. ಹನ್ನೆರಡು ಮಂದಿ. ನಾನು ಸಾಲಿನ ತುದಿಯಿಂದ ಶುರು ಮಾಡಿದೆ. ಪ್ರತಿಯೊಬ್ಬರ ಮುಂದೆ ಕುಕ್ಕರಗಾಲಲ್ಲಿ ಕೂತು, ಈಗ ನಾಲ್ವರು ಹೋಗಬಹುದು, ಉಳಿದವರು ಮುಂದಿನ ಸರತಿಗೆ, ಅದು ಬಂದರೂ ಬಂತು, ಬಾರದಿದ್ದರೂ ಇಲ್ಲ, ಏನಂತೀರಿ ಎಂದು ಕೇಳಿದೆ. ಸಿಬ್ಬಂದಿ ಗಡಿಯಾರ ತೋರಿಸಿ ಕೈ ಬೀಸುತ್ತಿದ್ದ. ಒಬ್ಬ ಅಜ್ಜ ಬೇಡವೆಂದು ತಲೆಯಾಡಿಸಿ, ಜ್ವರ ಬಂದ ಕೂಸಿನ ತಾಯಿಯ ಕಡೆ ಕೈ ತೋರಿಸಿದ. ಆ ತಾಯಿ ಎದ್ದಳು. ಇಬ್ಬರು ಬಾಣಂತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಎದ್ದಳು, ಇನ್ನೊಬ್ಬಳು ಕೂತಳು. ಎದೆನೋವಿನ ಒಬ್ಬಾತ, "ನನಗ ಹೆದರಿಕಿ ಆಗೇತ್ರಿ, ನಾ ಹೋಗ್ತೇನಿ," ಎಂದು ಅಳುತ್ತ ಎದ್ದ. ಯಾರೂ ಅವನನ್ನು ಆಡಿಕೊಳ್ಳಲಿಲ್ಲ.

ಕೊನೆಯಲ್ಲಿ ಅಕ್ಕ, ಗೋಡೆಗೊರಗಿ. ಬಿಸಿಲಿಗೆ ಅವಳ ತುಟಿಯ ನೀಲಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಅವಳೆದುರೂ ಹಾಗೇ ಕುಕ್ಕರಿಸಿ ಕೂತೆ. ಕೈ ಮುಂದೆ ಮಾಡಲಿಲ್ಲ, ನನ್ನ ಮೊಣಕಾಲ ಮೇಲೆಯೇ ಇಟ್ಟುಕೊಂಡೆ.

"ಅಕ್ಕಾ, ಇನ್ನ ಒಬ್ರಿಗೆ ಜಾಗಾ ಐತಿ. ನೀ ಹೋಗ್ತೀಯೇನು? ಇಲ್ಲಾ ಮುಂದಿನ ಸರತಿಗೆ ನಿಲ್ತೀಯೋ? ನೀನ ಹೇಳು."

ಅವಳು ಸಾಲಿನಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಗಿರಣಿಯಲ್ಲಿ ತಕ್ಕಡಿಯ ಮುಳ್ಳು ನಿಲ್ಲುವ ತನಕ ಕಾಯುವಾಗ ನೋಡುವ ಹಾಗೆಯೇ, ಅವಸರವಿಲ್ಲದೆ. ಆಮೇಲೆ ನಿನ್ನೆಯಿಂದ ಮೊದಲ ಸಲ ನನ್ನ ಮುಖ ನೇರ ನೋಡಿದಳು.

"ಹೋಗ್ತೇನಿ," ಎಂದಳು.

ಗೋಡೆ ಹಿಡಿದು ತಾನೇ ಎದ್ದಳು. ಎರಡು ಹೆಜ್ಜೆ ಇಟ್ಟು ನಿಂತು ಉಸಿರು ತೆಗೆದುಕೊಂಡು, ಮತ್ತೆ ಎರಡು ಹೆಜ್ಜೆ. ಕಣದ ತನಕ ನಾನು ಅವಳ ಹಿಂದೆ ನಡೆದೆ, ಮುಟ್ಟದೆ.